ಮೇಣದಮ್ಮ ಬೆವರದ ಊರು

ಆ ಊರಿನಲ್ಲಿ ಬಿಸಿಲಿಗೂ ಸಾಕ್ಷಿ ಬೇಕಿತ್ತು.

ಬೆನ್ನು ಸುಟ್ಟರೆ ಸಾಲದು, ಕಾಲಡಿಯ ಡಾಂಬರು ಕರಗಿದರೆ ಸಾಲದು, ಹಾರುವ ಕಾಗೆ ಹಾರುತ್ತಲೇ ಸತ್ತು ಬಿದ್ದರೂ ಸಾಲದು. ಮೇಣದಮ್ಮ ಹೇಳಬೇಕು. ಊರ ನಡುವಿನ ತೋಟದಲ್ಲಿ, ಕೊಳದ ದಂಡೆಯ ಮೇಲೆ ಮೇಣದಮ್ಮ ನಿಂತಿದ್ದಳು. ಜೇನುಮೇಣದಲ್ಲಿ ಎರಕ ಹೊಯ್ದ ಆಳೆತ್ತರದ ಹೆಣ್ಣು. ಬಲಗೈ ಮುಂದೆ ಚಾಚಿ, ತೋರುಬೆರಳನ್ನು ನೆಲಕ್ಕೆ ತೋರಿಸಿ ನಿಂತವಳು. ಆ ಬೆರಳಿನ ನೇರ ಕೆಳಗೆ ಕಲ್ಲಿನಲ್ಲಿ ಹೂತಿಟ್ಟ ಕಂಚಿನ ತಟ್ಟೆ. ತಟ್ಟೆಯ ಪಕ್ಕಕ್ಕೆ ಗಂಟೆಗೋಪುರ, ಗೋಪುರದ ಬುಡದಲ್ಲಿ ಗಂಟೆಯವನು. ಗಂಟೆಯವನು ಕುರುಡ. ಯಾರ ಮುಖ ನೋಡಿಯೂ ಅವನ ಮನಸ್ಸು ಕರಗಬಾರದೆಂದು ಹಿರಿಯರು ಕುರುಡನನ್ನೇ ಹುಡುಕಿ ಕೂರಿಸಿದ್ದರು. ಹನಿ ಬಿದ್ದು ತಟ್ಟೆ ಸದ್ದು ಮಾಡಿದರೆ ಅವನು ಹಗ್ಗ ಎಳೆಯಬೇಕು. ಮಾಡದಿದ್ದರೆ ಎಳೆಯಬಾರದು.

ಗಂಟೆ ಹೊಡೆಯಿತೆಂದರೆ ಅದು ಉರಿದಿನ. ಉರಿದಿನದಂದು ಯಾರೂ ದುಡಿಯುವಂತಿಲ್ಲ, ಯಾರೂ ಹಸಿದಿರುವಂತಿಲ್ಲ. ಊರ ಕಣಜದ ಒಲೆಯೊಂದು ಬಿಟ್ಟು ಒಲೆ, ಕುಲುಮೆ, ಇಟ್ಟಿಗೆಗೂಡು ಎಲ್ಲ ಆರಬೇಕು. ಅವತ್ತು ಕೆಲಸ ಬಿಟ್ಟವರ ಜಾಗಕ್ಕೆ ಬೇರೆಯವರನ್ನು ಕರೆಯಬಾರದು. ಊರ ಕಣಜದಿಂದ ಬೆಂದ ಅನ್ನ ಮನೆಮನೆಗೂ ಬರುತ್ತದೆ. ಅದಕ್ಕೆ ಪ್ರತಿಯಾಗಿ ಪ್ರತಿ ಅಮಾವಾಸ್ಯೆಗೂ ಮನೆಯಿಂದ ಒಂದು ಹಿಡಿ ಅಕ್ಕಿ ಒಯ್ದು ಕಣಜದ ಕಲ್ಲುಬಾಯಿಗೆ ಸುರಿಯಬೇಕು. ಕಟ್ಟಳೆ ಇಷ್ಟೇ.

ಮೇಣದಮ್ಮನನ್ನು ನಿಲ್ಲಿಸಿದ ಕಾಲಕ್ಕೆ ಕೊಳದ ಸುತ್ತ ಬಯಲಿತ್ತಂತೆ. ಆಗ ಒಂದೆರಡು ಸಲ ಗಂಟೆ ಹೊಡೆದದ್ದೂ ಉಂಟಂತೆ. ಆಮೇಲೆ ದಂಡೆಯ ಮೇಲೆ ಸಸಿ ನೆಟ್ಟರು. ಸಸಿಗಳು ಮರವಾದವು, ಮರಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟವು. ಯಾರೂ ಕೇಡು ಬಯಸಿ ನೆಟ್ಟದ್ದಲ್ಲ. ಮೇಣದಮ್ಮನ ಮೇಲೆ ನೆರಳು ಬಿತ್ತು, ಅಷ್ಟೆ.

ಊರಿನ ತೆಂಕಣ ಅಂಚಿಗೆ ತಗಡಿನ ಓಣಿ. ಅಲ್ಲಿ ಗೋಡೆಯೂ ತಗಡು, ಸೂರೂ ತಗಡು, ಬಾಗಿಲಿನ ಜಾಗಕ್ಕೆ ಗೋಣಿತಾಟು. ಹೊಸ್ತಿಲಿಲ್ಲದ ಮನೆಯ ಹಿಡಿ ಸಲ್ಲದೆಂಬ ಮಾತು ಮೊದಲಿನಿಂದ ಇದ್ದುದರಿಂದ ಆ ಓಣಿಯ ಹೆಂಗಸರು ಕಣಜದ ಬಾಯಿಯನ್ನು ಕಂಡವರೇ ಅಲ್ಲ. ಗಂಟೆ ಹೊಡೆದರೂ ಅದು ಅವರ ಪಾಲಿನ ಗಂಟೆಯಲ್ಲ. ಒಂದು ವರ್ಷ ಚಳಿಗಾಲದಲ್ಲಿ ಡಂಗುರದವನು ಓಣಿಯೊಳಕ್ಕೂ ಬಂದ.

"ಹೊಸ್ತಿಲು ಇಟ್ಟುಕೊಂಡವರು ಯಾರೇ ಆಗಲಿ, ಹೆಂಗಸೇ ಆಗಲಿ, ಗಂಡ ಸತ್ತವಳೇ ಆಗಲಿ, ಹಿಡಿ ಹಾಕಬಹುದು ಕೇಳ್ರಪ್ಪೋ!"

ಅವತ್ತು ಎಲ್ಲರಿಗಿಂತ ಮೊದಲು ಎದ್ದವಳು ಇಸ್ತ್ರಿಯವಳು. ಓಣಿಯ ಬಾಯಲ್ಲಿ, ತಗಡಿನ ಮಾಡಿನ ಕೆಳಗೆ, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ತೋಟದ ಸುತ್ತಲಿನ ಮನೆಗಳ ಬಟ್ಟೆಗೆ ಇಸ್ತ್ರಿ ಹಾಕಿ ಬದುಕುವವಳು. ಗಂಡ ತೀರಿಹೋಗಿದ್ದ. ಇದ್ದವಳೊಬ್ಬಳೇ ಮಗಳು, ಹೊನ್ನಿ. ಹೊನ್ನಿಯ ಗಂಡ ಕೆಲಸ ಹುಡುಕುತ್ತ ಬೇರೆ ಊರಿಗೆ ಹೋದವನ ಸುದ್ದಿಯೇ ಇರಲಿಲ್ಲ. ಅವನು ಬಿಟ್ಟುಹೋದದ್ದು ಹೊನ್ನಿಯ ಹೊಟ್ಟೆಯಲ್ಲಿ ಬೆಳೆಯುತ್ತಿತ್ತು.

ಇಸ್ತ್ರಿಯವಳು ಮೋರಿಯ ಪಕ್ಕ ಬಿದ್ದಿದ್ದ ಒಡೆದ ಚಪ್ಪಡಿಯೊಂದನ್ನು ತಲೆಯ ಮೇಲೆ ಹೊತ್ತು ತಂದು ತನ್ನ ಗೋಣಿತಾಟಿನ ಬುಡದಲ್ಲಿ ಹೂತಳು. ಅದಕ್ಕೆ ಅರಿಸಿನ ಬಳಿದು ಕುಂಕುಮ ಇಟ್ಟಳು. ಆಮೇಲೆ ಮನೆಮನೆಗೂ ಹೋಗಿ ಕರೆದಳು.

ಪಕ್ಕದ ಸೊಪ್ಪಿನವಳು ಒಪ್ಪಲಿಲ್ಲ. ವಯಸ್ಸಾದವಳು, ಬುಟ್ಟಿ ಮುಂದಿಟ್ಟುಕೊಂಡು ದಾರಿ ಬದಿಯಲ್ಲಿ ಕೂತು ಬದುಕು ಸವೆಸಿದವಳು.

"ಇರೋ ಅಕ್ಕೀಲಿ ಒಂದು ಹಿಡಿ ತೆಗೆದ್ರೆ ಗಂಜಿ ನೀರಾಗುತ್ತೆ ಕಣೇ."

"ಆಗ್ಲಿ ಬಿಡಕ್ಕ. ನೀರುಗಂಜಿ ಕುಡಿದು ಯಾರೂ ಸತ್ತಿಲ್ಲ. ಬಿಸಿಲಲ್ಲಿ ಕೂತು ಸತ್ತಿದ್ದಾರೆ."

"ಆ ಗೊಂಬೆಗೆ ನಮ್ಮ ಬಿಸಿಲು ಗೊತ್ತಾಗುತ್ತೇನೆ?"

"ಸೂರ್ಯ ಒಬ್ಬನೇ ಅಲ್ವಾ ಅಕ್ಕ, ಅವಳಿಗೂ ನಮಗೂ?"

ಸೊಪ್ಪಿನವಳು ಬುಟ್ಟಿಯ ಸೊಪ್ಪಿಗೆ ನೀರು ಚಿಮುಕಿಸಿದಳು. "ನೀನು ಹೇಳ್ತಿದ್ದೀಯ ಅಂತ ಹಾಕ್ತೀನಿ" ಅಂದಳು.

ಹಾಗೆ ತಗಡಿನ ಓಣಿಗೆಲ್ಲ ಹೊಸ್ತಿಲು ಬಂತು. ಅಮಾವಾಸ್ಯೆಯ ಬೆಳಗ್ಗೆ ಹೆಂಗಸರು ತಲೆಗೆ ಎರೆದುಕೊಂಡು, ಸೆರಗಿನ ತುದಿಯಲ್ಲಿ ಹಿಡಿ ಅಕ್ಕಿ ಕಟ್ಟಿಕೊಂಡು ಸಾಲಾಗಿ ಹೋದರು. ಕಲ್ಲುಬಾಯಿಗೆ ಅಕ್ಕಿ ಸುರಿದರು. ಒಳಗೆಲ್ಲೋ ಆಳದಲ್ಲಿ ಅಕ್ಕಿ ಅಕ್ಕಿಯ ಮೇಲೆ ಬಿದ್ದ ಸದ್ದು ಕೇಳಿಸಿತು. ತಿರುಗಿ ಬರುವಾಗ ಹೆಂಗಸರ ನಡಿಗೆಯೇ ಬೇರೆಯಾಗಿತ್ತು. ಎದುರು ಮನೆಯ ಹಪ್ಪಳದವಳು ನಕ್ಕು, "ಈ ಸಲ ಬಿಸಿಲು ಬರ್ಲಿ, ಒಂದು ಕೈ ನೋಡೋಣ" ಅಂದಳು.

ಬಿಸಿಲು ಬಂತು.

ಮೊದಲು ಮೋರಿ ಒಣಗಿತು. ಆಮೇಲೆ ನಾಯಿಗಳು ಓಣಿ ಬಿಟ್ಟು ಹೋದವು. ಸೂರಿನ ತಗಡು ಬೆಳಗಿನಿಂದಲೇ ಚಟಚಟ ಸಿಡಿಯತೊಡಗಿತು. ಹಪ್ಪಳದವಳು ಒಣಹಾಕಿದ ಹಪ್ಪಳ ಎಣ್ಣೆಯಿಲ್ಲದೆ ಉಬ್ಬಿತು. ಬಿಂದಿಗೆಯ ನೀರನ್ನು ಆರಿಸಿ ಕುಡಿಯಬೇಕಾಯಿತು. ಓಣಿಯ ಹೆಂಗಸರು ಕೈಯ ಕೆಲಸ ನಿಲ್ಲಿಸಿ ತೋಟದ ಕಡೆಗೆ ಕಿವಿಗೊಡುತ್ತಿದ್ದರು. ಇವತ್ತು ಹೊಡೆದೀತು. ಇವತ್ತಂತೂ ಹೊಡೆಯಲೇಬೇಕು.

ತೋಟದಲ್ಲಿ ಮೇಣದಮ್ಮ ಬೆವರಲಿಲ್ಲ.

ಗಂಟೆಯಿಲ್ಲದ ದಿನ ಮನೆಯಲ್ಲಿ ಕೂತರೆ ಅನ್ನವಿಲ್ಲ, ಮಾರನೆಯ ದಿನಕ್ಕೆ ಕೆಲಸವೂ ಇಲ್ಲ. ಹೊನ್ನಿ ಗಾರೆ ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ಓಣಿಯಿಂದ ನೋಡಿದರೆ ಆ ಕಟ್ಟಡ ಎದುರಿಗೇ ಕಾಣುತ್ತಿತ್ತು. ಇನ್ನೂ ಗೋಡೆ ಏರದ, ಬರೀ ಕಂಬಗಳ ಮೇಲೆ ಆಕಾಶಕ್ಕೆ ಎದ್ದ ಕಟ್ಟಡ. ಹೊನ್ನಿ ತಲೆಗೆ ಹಳದಿ ಟವೆಲಿನ ಸಿಂಬಿ ಸುತ್ತಿಕೊಳ್ಳುತ್ತಿದ್ದಳು. ಇಸ್ತ್ರಿಯವಳು ಬಟ್ಟೆಯಿಂದ ಕಣ್ಣೆತ್ತಿದಾಗಲೆಲ್ಲ ಒಂದು ಹಳದಿ ಚುಕ್ಕೆ ಬಾಂಡ್ಲಿ ಹೊತ್ತು ಮೇಲೇರುತ್ತಿತ್ತು, ಇಲ್ಲವೇ ಬರಿಗೈಯಲ್ಲಿ ಕೆಳಗಿಳಿಯುತ್ತಿತ್ತು. ಅದನ್ನು ನೋಡಿಕೊಂಡೇ ಅವಳು ಉಸಿರಾಡುತ್ತಿದ್ದಳು.

"ಹೊಟ್ಟೆ ಇಳಿದಿದೆ ಕಣೇ, ಸಾಕು ಮಾಡು" ಅಂದರೆ ಹೊನ್ನಿ, "ಇವತ್ತು ಬಿಟ್ರೆ ಮೇಸ್ತ್ರಿ ನಾಳೆ ಇನ್ನೊಬ್ಬಳನ್ನ ಹತ್ತಿಸ್ತಾನವ್ವ. ಗಂಟೆ ಹೊಡೀಲಿ, ನಾನೇ ಇಳಿದು ಬರ್ತೀನಿ" ಅನ್ನುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಸೊಪ್ಪಿನವಳು ಸತ್ತುಹೋದಳು. ಬಿದ್ದು ಸಾಯಲಿಲ್ಲ, ಬುಟ್ಟಿಯ ಮುಂದೆ ಕೂತಲ್ಲೇ ಕೂತಿದ್ದಳು. ಕೊಳ್ಳಲು ಬಂದವಳು ದಂಟಿನ ಸೊಪ್ಪಿನ ಕಟ್ಟು ಎತ್ತಿ ಕೇಳಿದರೆ ಮಾತಿಲ್ಲ. ಕೈಯಲ್ಲಿ ನೀರಿನ ಚೊಂಬು ಹಾಗೇ ಇತ್ತು, ಅದರಲ್ಲಿ ನೀರೂ ಇತ್ತು. ಆ ನೀರನ್ನು ಅವಳು ಬೆಳಗಿನಿಂದ ಸೊಪ್ಪಿಗೆ ಚಿಮುಕಿಸುತ್ತಿದ್ದಳೇ ಹೊರತು ತಾನು ಕುಡಿದಿರಲಿಲ್ಲ.

ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ಇಸ್ತ್ರಿಯವಳು ಮಡಿಸಿದ ಬಟ್ಟೆಯ ಗಂಟು ಕೊಡುವ ನೆಪದಲ್ಲಿ ತೋಟದ ಬಾಗಿಲು ದಾಟಿದಳು. ಬಾಗಿಲಲ್ಲಿ ಕಾವಲಿನವನು ಗಂಟು ಮೂಸಿ ನೋಡಿದ. ಒಳಗೆ ಬೆಂಕಿ, ಕೆಂಡ, ಕಡ್ಡಿಪೆಟ್ಟಿಗೆ ಬಿಡುವಂತಿರಲಿಲ್ಲ.

ಒಳಗೆ ಕಾಲಿಟ್ಟವಳೇ ಅವಳು ನಡುಗಿದಳು. ಅದು ಚಳಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎಲೆಗಳ ಮೇಲೆ ಎಲೆ, ಅದರ ಮೇಲೆ ಎಲೆ. ಕೊಳದ ಮೇಲಿಂದ ಬೀಸಿದ ಗಾಳಿಗೆ ಅವಳ ರೆಪ್ಪೆ ಭಾರವಾಯಿತು. ಕಾವಲಿನವರೆಲ್ಲ ಅಲ್ಲಲ್ಲೇ ತೂಕಡಿಸುತ್ತಿದ್ದರು. ಮೇಣದಮ್ಮನ ಹಣೆಯ ಮೇಲೆ ಇಬ್ಬನಿ ಕೂತಿತ್ತು.

ಕಣಜದ ಹಿರಿಯ ಕೊಳದ ಮೆಟ್ಟಿಲ ಮೇಲೆ ಕೂತಿದ್ದ. ಒಳ್ಳೆಯವನು, ದನಿ ಏರಿಸಿ ಗೊತ್ತಿಲ್ಲದವನು. ಅವಳಿಗೂ ಕೂರಲು ಹೇಳಿದ. ಅವಳು ಕೂರಲಿಲ್ಲ.

"ಸ್ವಾಮಿ, ನಮ್ಮ ಓಣೀಲಿ ಸೊಪ್ಪಿನವಳು ಬಿಸಿಲಿಗೆ ಸತ್ತಳು."

"ಯಾವತ್ತು ತಾಯಿ?"

"ಮೊನ್ನೆ."

ಹಿರಿಯ ಗಂಟೆಯವನ ಕಡೆ ತಿರುಗಿ, "ಮೊನ್ನೆ ಹನಿ ಬಿತ್ತೇನಪ್ಪ?" ಅಂದ. ಗಂಟೆಯವನು ಇಲ್ಲವೆಂದು ತಲೆಯಾಡಿಸಿದ.

"ಮೊನ್ನೆ ಬಿಸಿಲಿರಲಿಲ್ಲವಲ್ಲ ತಾಯಿ. ಬಿಸಿಲಿಲ್ಲದ ದಿನ ಬಿಸಿಲಿಗೆ ಯಾರಾದರೂ ಸಾಯೋದುಂಟೇ? ವಯಸ್ಸಾಗಿತ್ತೇನೋ."

"ಮೇಣದಮ್ಮ ನೆರಳಲ್ಲಿದ್ದಾಳೆ ಸ್ವಾಮಿ."

"ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ."

"ಸುಳ್ಳು ಅಂತ ನಾನೂ ಅನ್ನಲ್ಲ. ಅವಳಿಗೆ ಗೊತ್ತಿಲ್ಲ ಅಷ್ಟೆ. ಒಂದು ದಿನ ನಮ್ಮ ಓಣಿಗೆ ಕಳಿಸಿಕೊಡಿ. ತಂಗಿ ಹಾಗೆ ನೋಡಿಕೊಂಡು ಮತ್ತೆ ತಂದುಬಿಡ್ತೀನಿ."

ಹಿರಿಯ ಬೆಚ್ಚಿದ. "ಎಂಥಾ ಮಾತು ಆಡ್ತೀಯ! ನಿಮ್ಮ ಓಣೀಲಿ ನಿಲ್ಲಿಸಿದರೆ ಅವಳು ಕರಗಿಹೋಗ್ತಾಳಲ್ಲ!"

"ಹೌದು ಸ್ವಾಮಿ" ಅಂದಳು ಇಸ್ತ್ರಿಯವಳು.

ಅವಳು ಕೈ ಮುಗಿದಳು. "ಹಾಗಾದ್ರೆ ನನ್ನ ಮಗಳು ಹೆರೋ ತನಕ ಈ ಮರದ ಕೆಳಗೆ ಕೂತಿರಲಿ. ಅನ್ನ ನಾನೇ ತಂದುಕೊಡ್ತೀನಿ. ನೆರಳು ಸಾಕು."

"ಒಬ್ಬಳಿಗೆ ಕೊಟ್ಟರೆ ಎಲ್ಲರೂ ಬರ್ತಾರೆ ತಾಯಿ. ಎಲ್ಲರೂ ಉಸಿರು ಬಿಟ್ಟರೆ ತೋಟ ಬಿಸಿಯಾಗುತ್ತೆ. ಮೇಣದಮ್ಮನ ಗತಿ ಏನಾಗಬೇಕು?" ಅವನ ಕಣ್ಣಲ್ಲಿ ನೀರಿತ್ತು. ಅದು ಯಾರಿಗಾಗಿ ಎಂದು ಅವಳಿಗೆ ತಿಳಿಯಲಿಲ್ಲ.

ಅವಳು ಬರಿಗೈಯಲ್ಲಿ ಬಂದದ್ದನ್ನು ನೋಡಿ ಹಪ್ಪಳದವಳು ಅಂದಳು: "ನಿನ್ನ ಇಸ್ತ್ರಿಪೆಟ್ಟಿಗೆ ಹೇಗಾದ್ರೂ ಕದ್ದು ಒಳಗೆ ಒಯ್ದು ಅವಳ ಬೆರಳಿಗೆ ಒತ್ತಿಬಿಡೇ. ಹನಿ ಬೀಳುತ್ತೆ."

"ಬೇಡ ಕಣೆ. ನಾವು ಸುಳ್ಳು ಕರಗಿಸಬಾರದು. ಬಿಸಿಲು ಇದೆಯಲ್ಲ, ಅದನ್ನೇ ತೋರಿಸೋಣ."

ಆದರೆ ತೋರಿಸುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ದಿನಗಳು ಒಂದನ್ನೊಂದು ಸುಡುತ್ತ ಹೋದವು.

ಆಮೇಲೆ ಆ ದಿನ ಬಂತು. ಬೆಳಗ್ಗೆಯೇ ಆಕಾಶ ಕಾಯಿಸಿದ ಹೆಂಚಿನಂತೆ ಬಿಳುಪೇರಿತ್ತು. ಹೊನ್ನಿ ಎದ್ದು ಗೋಡೆ ಹಿಡಿಯಹೋಗಿ ಕೈ ಸುಟ್ಟುಕೊಂಡಳು. ಇಸ್ತ್ರಿಯವಳು ಗೋಣಿತಾಟಿಗೆ ಅಡ್ಡ ನಿಂತಳು.

"ಇವತ್ತು ಹೋಗಬೇಡ ಹೊನ್ನಿ."

"ಮಗು ಬಂದ್ಮೇಲೆ ಹೇಗೂ ಹೋಗೋಕಾಗಲ್ಲವ್ವ. ಇವತ್ತೊಂದು ದಿನ."

"ನಿನ್ನೇನೂ ಹಾಗೇ ಅಂದೆ."

"ನಿನ್ನೇನೂ ಬಂದೆನಲ್ಲ, ವಾಪಸ್ಸು?" ಹೊನ್ನಿ ನಕ್ಕು, ಟವೆಲನ್ನು ಬಿಂದಿಗೆಯಲ್ಲಿ ಅದ್ದಿ ತಲೆಗೆ ಸುತ್ತಿಕೊಂಡು ಹೋದಳು. ಓಣಿಯ ತುದಿ ಮುಟ್ಟುವ ಮೊದಲೇ ಟವೆಲು ಒಣಗಿತ್ತು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಳದಿ ಚುಕ್ಕೆ ನಿಧಾನವಾಯಿತು. ಒಂದು ಅಂತಸ್ತು ಏರಿ ನಿಲ್ಲುತ್ತಿತ್ತು, ಕಂಬ ಹಿಡಿಯುತ್ತಿತ್ತು, ಮತ್ತೆ ಏರುತ್ತಿತ್ತು. ಒಮ್ಮೆ ಅದು ನಿಂತಲ್ಲೇ ಬಹಳ ಹೊತ್ತು ನಿಂತಿತು. ಇಸ್ತ್ರಿಯವಳ ಮೂಗಿಗೆ ಸೀದ ವಾಸನೆ ಬಡಿಯಿತು. ಪೆಟ್ಟಿಗೆಯ ಕೆಳಗೆ ಯಾರದೋ ಬಿಳಿಯ ಅಂಗಿ ಕಪ್ಪಾಗಿತ್ತು. ಅವಳು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ತೋಟದ ಮನೆಯೊಂದರ ದೊಡ್ಡ ಬಿಳಿ ಹಾಸಿಗೆವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡಳು. ಹಪ್ಪಳದವಳಿಗೆ, "ಹೊನ್ನಿ ಕಡೆ ಕಣ್ಣಿಟ್ಟಿರು" ಅಂದವಳೇ ಹೊರಟಳು.

ತೋಟದಲ್ಲಿ ಎಲ್ಲರೂ ಮಲಗಿದ್ದರು. ತಂಪಿನ ನಿದ್ದೆ. ಬಾಗಿಲಿನವನೂ ಮಲಗಿದ್ದ, ಹಿರಿಯನೂ ಮೆಟ್ಟಿಲಿಗೆ ಒರಗಿ ಮಲಗಿದ್ದ. ಗಂಟೆಯವನು ಮಾತ್ರ ಎಚ್ಚರವಿದ್ದ, ಆದರೆ ಅವನ ಕಿವಿಯೆಲ್ಲ ತಟ್ಟೆಯ ಮೇಲಿತ್ತು. ಅವಳು ಮೇಣದಮ್ಮನ ಸೊಂಟಕ್ಕೆ ಕೈ ಹಾಕಿ ಅಲುಗಿಸಿದಳು. ಮೇಣದಮ್ಮ ಹಗುರವಿದ್ದಳು. ಒಳಗೆ ಪೊಳ್ಳು. ವಸ್ತ್ರ ಹೊದಿಸಿ, ಬೆನ್ನಿಗೆ ಹಾಕಿಕೊಂಡು, ಕಾಯಿಲೆಯ ತಂಗಿಯನ್ನು ಹೊತ್ತವಳಂತೆ ಬೀದಿಗೆ ಇಳಿದಳು. ಬೀದಿಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಬಿಸಿಲಿಗೆ ಬಿದ್ದವಳನ್ನು ಇನ್ನೊಬ್ಬಳು ಹೊತ್ತು ಹೋಗುವುದು ಆ ಬೀದಿಗೆ ಹೊಸದಾಗಿರಲಿಲ್ಲ.

ದಾರಿಯಲ್ಲಿ ಮೇಣದಮ್ಮ ಬದಲಾದಳು. ಮೊದಲು ಅವಳ ಹಣೆಯ ಇಬ್ಬನಿ ಆರಿತು. ಆಮೇಲೆ ಚಾಚಿದ ಕೈ ಮೆತ್ತಗಾಗಿ ಇಸ್ತ್ರಿಯವಳ ಕೊರಳನ್ನು ಸುತ್ತಿತು. ಕೆನ್ನೆ ಹೆಗಲಿಗೆ ಅಂಟಿತು. "ಇನ್ನು ಸ್ವಲ್ಪ ದೂರ ಕಣವ್ವ" ಎಂದು ಇಸ್ತ್ರಿಯವಳು ಹೇಳುತ್ತಲೇ ಇದ್ದಳು. ಯಾರಿಗೆ ಹೇಳುತ್ತಿದ್ದಾಳೆಂಬುದು ಅವಳಿಗೇ ತಿಳಿಯಲಿಲ್ಲ.

ಓಣಿಯ ನಡುವೆ, ಬಿಸಿಲ ನಟ್ಟನಡುವೆ, ಅವಳನ್ನು ಇಳಿಸಿ ನಿಲ್ಲಿಸಿದರು. ಹೆಂಗಸರು ಸುತ್ತ ನಿಂತರು. ಮೇಣದಮ್ಮ ಒಂದು ಉಸಿರಿನಷ್ಟು ಹೊತ್ತು ನಿಂತಿದ್ದಳು. ಆಮೇಲೆ ಅವಳ ಮುಖದ ತುಂಬ ಬೆವರೊಡೆಯಿತು. ಕಣ್ಣು ಕೆನ್ನೆಗಿಳಿಯಿತು, ಕೆನ್ನೆ ಎದೆಗಿಳಿಯಿತು, ಬೆರಳಿನಿಂದ ಹನಿ ಬಿತ್ತು, ಹನಿಯ ಹಿಂದೆ ಹನಿ, ಹನಿಗಳ ಹಿಂದೆ ಬೆರಳೇ ಬಿತ್ತು.

"ಹೇಳಿದಳು! ಹೇಳಿದಳು!" ಎಂದು ಹೆಂಗಸರು ಕೂಗಿದರು. ಕೂಗಿ ತೋಟದ ಕಡೆ ಕಿವಿಗೊಟ್ಟರು.

ಗಂಟೆ ಹೊಡೆಯಲಿಲ್ಲ.

ಹಪ್ಪಳದವಳು ತಲೆಯ ಮೇಲೆ ಕೈ ಹೊತ್ತಳು. "ತಟ್ಟೆ ಅಲ್ಲೇ ಉಳೀತಲ್ಲೇ!"

ಇಸ್ತ್ರಿಯವಳು ಕಟ್ಟಡದ ಕಡೆ ನೋಡಿದಳು. ಹಳದಿ ಚುಕ್ಕೆ ತುತ್ತತುದಿಯ ಅಂತಸ್ತಿನಲ್ಲಿತ್ತು. ಅದು ಕೂತಿತ್ತು. ಪಾತ್ರೆ ಹುಡುಕುವಷ್ಟು ವ್ಯವಧಾನ ಅವಳಿಗಿರಲಿಲ್ಲ. ನೆಲದ ಮೇಲೆ ಹರಿಯುತ್ತಿದ್ದ ಮೇಣವನ್ನು ಎರಡೂ ಕೈಯಲ್ಲಿ ಬೊಗಸೆ ತುಂಬಿಕೊಂಡಳು. ಚರ್ಮ ಚುರ್ರೆಂದಿತು. ಇದ್ದಿಲು ಮುಟ್ಟಿ ಬದುಕಿದ ಕೈ, ಅವಳು ಬಿಡಲಿಲ್ಲ. ಬೊಗಸೆ ಎದೆಗಿಟ್ಟುಕೊಂಡು ಓಡಿದಳು. ಡಾಂಬರು ಚಪ್ಪಲಿಯನ್ನು ಕಿತ್ತುಕೊಂಡಿತು. ಬರಿಗಾಲಲ್ಲಿ ಓಡಿದಳು. ಬೊಗಸೆಯಲ್ಲಿ ಮೇಣ ಉರಿಯುತ್ತಲೇ ಇತ್ತು, ತುಳುಕುತ್ತಲೇ ಇತ್ತು, ಉರಿದಷ್ಟೂ ಅವಳಿಗೆ ಧೈರ್ಯ. ಇನ್ನೂ ಕರಗಿದೆ. ಇನ್ನೂ ಕರಗಿದೆ.

ತೋಟದ ಬಾಗಿಲು ದಾಟಿದಳು. ಮರಗಳ ನೆರಳು ಅವಳ ಮೇಲೆ ಬಿತ್ತು. ಕೊಳದ ಗಾಳಿ ಬೀಸಿತು. ಕೈಯ ಉರಿ ಕಡಿಮೆಯಾಗುತ್ತ ಬಂದಂತೆ ಅವಳ ಎದೆ ಒಡೆಯುತ್ತ ಬಂತು. "ಬೇಡ, ಬೇಡ, ಸ್ವಲ್ಪ ತಡಿ" ಎಂದು ಬೊಗಸೆಗೆ ಬಿಸಿಯುಸಿರು ಊದಿದಳು. ತಟ್ಟೆಯ ಮೇಲೆ ಬಾಗಿ ಬೊಗಸೆ ಓರೆ ಮಾಡಿದಾಗ ಏನೂ ಬೀಳಲಿಲ್ಲ. ಮೇಣ ಹೆಪ್ಪುಗಟ್ಟಿ ಬೆರಳುಗಳನ್ನೆಲ್ಲ ಒಂದಾಗಿ ಬೆಸೆದಿತ್ತು. ಅವಳು ಕೈ ಕೊಡವಿದಳು. ತಟ್ಟೆಯ ಅಂಚಿಗೆ ಕೈ ಬಡಿದಳು. ಮೇಣದ ಕೈ, ಸದ್ದಾಗಲಿಲ್ಲ.

ಗಂಟೆಯವನು ಕೇಳಿದ, "ಯಾರಲ್ಲಿ?"

ಅವಳು ತಟ್ಟೆಯ ಮೇಲೆ ಬಾಗಿ ಹಾಗೇ ನಿಂತಿದ್ದಳು. ಓಡಿ ಬಂದ ಮೈ. ನೆತ್ತಿಯಿಂದ ಇಳಿದ ಬೆವರು ಹಣೆ ದಾಟಿ, ಮೂಗಿನ ತುದಿಗೆ ಬಂದು, ಅಲ್ಲಿ ತೂಗಿ, ಬಿತ್ತು.

ಕಂಚು ಟಿಣ್ ಎಂದಿತು.

ಗಂಟೆಯವನು ಎದ್ದು ನಿಂತ. ಹಗ್ಗ ಎಳೆದ.

ಆ ಸದ್ದಿಗೆ ಮರಗಳ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹಿರಿಯ ಎಚ್ಚೆತ್ತು ಬರಿದಾದ ಪೀಠವನ್ನು ನೋಡಿದ, ಅವಳ ಕೈಗಳನ್ನು ನೋಡಿದ. "ಏನು ಮಾಡಿಬಿಟ್ಟೆ ತಾಯಿ?" ಅಂದ. ಆದರೆ ಹೊಡೆದ ಗಂಟೆಯನ್ನು ಹಿಂದಕ್ಕೆ ಕರೆಯುವ ಕಟ್ಟಳೆ ಆ ಊರಲ್ಲಿರಲಿಲ್ಲ. ಊರ ತುಂಬ ಒಲೆಗಳು ಆರಿದವು, ಕುಲುಮೆಗಳು ಆರಿದವು. ದುಡಿಯುವವರು ಕೈಯಲ್ಲಿದ್ದುದನ್ನು ಇದ್ದಲ್ಲೇ ಬಿಟ್ಟು ನೆರಳಿಗೆ ನಡೆದರು.

ಅವಳು ಕಟ್ಟಡದ ಬುಡಕ್ಕೆ ಬರುವಾಗ ಗಾರೆಯವರು ಇಳಿದು ಬರುತ್ತಿದ್ದರು. ಕೆಂಪು ಸಿಂಬಿ ಇಳಿಯಿತು, ನೀಲಿ ಸಿಂಬಿ ಇಳಿಯಿತು. ಇಳಿದವರೆಲ್ಲ ಅವಳನ್ನು ನೋಡಿ ದಾರಿ ಬಿಟ್ಟು ನಿಂತರು. ಕೊನೆಗೆ ಇಳಿದವಳು ಬಾಂಡ್ಲಿ ದಾಟಿಸುವವಳು. ಅವಳು ಹಿಂತಿರುಗಿ ಮೇಲೆ ನೋಡಿದಳು. "ಸ್ವಲ್ಪ ಕೂತು ಬರ್ತೀನಿ ಅಂದ್ಲಕ್ಕ" ಅಂದಳು. "ಗಂಟೆ ಹೊಡೆದಾಗ ಕರೆದೆ. ಎರಡು ಸಲ ಕರೆದೆ."

"ಹೊನ್ನೀ" ಎಂದು ಇಸ್ತ್ರಿಯವಳು ಕಂಬಗಳ ನಡುವೆ ಮೇಲಕ್ಕೆ ಕೂಗಿದಳು. ಗೋಡೆಯಿಲ್ಲದ ಆ ಕಟ್ಟಡದಲ್ಲಿ ಕೂಗಿದ್ದು ಎಲ್ಲೂ ತಾಗದೆ ಆಚೆ ಹೊರಟುಹೋಯಿತು.

ಹೊನ್ನಿಯನ್ನು ಆ ಬಿಳಿಯ ವಸ್ತ್ರದಲ್ಲೇ ಇಳಿಸಿ ತಂದರು. ಅದರಲ್ಲಿ ಮೇಣದ ಕಲೆಗಳಿದ್ದವು. ಹೆಂಗಸರು ಅವಳನ್ನು ತಗಡಿನ ಮಾಡಿನ ಕೆಳಗೆ ಮಲಗಿಸಿ, ಹೊಟ್ಟೆಗೆ ಕಿವಿಯಿಟ್ಟು ಒಬ್ಬರಾದ ಮೇಲೆ ಒಬ್ಬರು ಕೇಳಿಸಿಕೊಂಡರು. ಒಬ್ಬರಾದ ಮೇಲೆ ಒಬ್ಬರು ಎದ್ದರು. ಹಪ್ಪಳದವಳು ಇಸ್ತ್ರಿಯವಳ ಕೈಯ ಮೇಣವನ್ನು ಉಗುರಿನಿಂದ ಬಿಡಿಸಲು ನೋಡಿದಳು. ಮೇಣದ ಜೊತೆ ಚರ್ಮವೂ ಬರತೊಡಗಿದ್ದರಿಂದ ನಿಲ್ಲಿಸಿದಳು.

ಅತ್ತ ತೋಟದಲ್ಲಿ ಹಿರಿಯರು ಸೇರಿದ್ದಾರೆಂದೂ, ಹೊಸ ಮೇಣದಮ್ಮನ ಎರಕಕ್ಕೆ ಆಗಲೇ ಜೇನುಮೇಣ ಬಂದಿಳಿದಿದೆಯೆಂದೂ, ಈ ಸಲ ಸುತ್ತ ಗೋಡೆ ಕಟ್ಟುತ್ತಾರೆಂದೂ ಯಾರೋ ಬಂದು ಹೇಳಿದರು.

ಹೊತ್ತು ಇಳಿಯುವಾಗ ಕಣಜದ ಅನ್ನ ಬಂತು. ತಗಡಿನ ಓಣಿಗೆ ಕೊನೆಗೆ ಬಂತು, ಆದರೆ ಬಂತು. ಅನ್ನದವನು ಕೊಪ್ಪರಿಗೆಯ ಗಾಡಿ ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ಸೌಟು ಅದ್ದಿ ಕೇಳಿದ:

"ಈ ಮನೇಲಿ ಎಷ್ಟು ಬಾಯಿ ತಾಯಿ?"

ಹೆಂಗಸರು ಇಸ್ತ್ರಿಯವಳನ್ನು ನೋಡಿದರು. ಅವಳು ಮಗಳನ್ನು ನೋಡಿದಳು, ವಸ್ತ್ರದಡಿ ಎದ್ದು ನಿಂತಿದ್ದ ಹೊಟ್ಟೆಯನ್ನು ನೋಡಿದಳು.

"ಮೂರು" ಅಂದಳು.

ಅವನು ಮೂರು ಸೌಟು ಹಾಕಿ, ಗಾಡಿ ತಳ್ಳಿಕೊಂಡು ಮುಂದಿನ ಮನೆಗೆ ಹೋದ. ಹೆಣವಿರುವ ಮನೆಯಲ್ಲಿ ಅನ್ನ ಮುಟ್ಟುವಂತಿರಲಿಲ್ಲ. ಬಿಳಿಯ ಅನ್ನ, ಒಳ್ಳೆಯ ಅನ್ನ, ಹಬೆಯಾಡುತ್ತಿತ್ತು. ಇಸ್ತ್ರಿಯವಳು ಮುಚ್ಚಲಾಗದ, ಬಿಚ್ಚಲಾಗದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಆ ಹಬೆ ಪೂರ್ತಿ ನಿಲ್ಲುವ ತನಕ ಅದನ್ನೇ ನೋಡುತ್ತ ಕೂತಳು.